ನೀಲಗಂಗವ್ವ ಅಕ್ಕೋರ ಗಂಟಲು

ನೀಲಗಂಗವ್ವ ಅಕ್ಕೋರ ಗಂಟಲು ಕೆಡಿಸಿದವರು ಅವರ ಶಾಲೆಯ ಹೆಡ್ ಮಾಸ್ತರು ಹೊಳೆಬಸಪ್ಪನವರು. ದೇವರೂ ಅಲ್ಲ, ಹಣೆಬರಹವೂ ಅಲ್ಲ.

ಆ ಶಾಲೆಯಲ್ಲಿ ಒಂದು ಪದ್ಧತಿಯಿತ್ತು. ಹೆಡ್ ಮಾಸ್ತರು ತಮ್ಮ ಕೋಣೆ ಬಿಟ್ಟು ಹೊರಬರುತ್ತಿರಲಿಲ್ಲ. ಕುರ್ಚಿಯಲ್ಲೇ ಕೂತು ಕಿವಿಗೊಡುತ್ತಿದ್ದರು. ಯಾರ ಧ್ವನಿ ಅಲ್ಲಿಗೆ ಕೇಳುತ್ತದೋ ಅವರು ಪಾಠ ಮಾಡುತ್ತಿದ್ದಾರೆ. ಕೇಳದಿದ್ದರೆ ಮಾಡುತ್ತಿಲ್ಲ. ಇಷ್ಟೇ ಲೆಕ್ಕ. ಅಕ್ಕೋರಿಗೆ ತಗಡಿನ ಚಾವಣಿಯ ಒಂದೇ ಕೋಣೆಯಲ್ಲಿ ಎರಡು ತರಗತಿ, ಎಪ್ಪತ್ತು ಮಕ್ಕಳು. ದಿನವಿಡೀ ಒದರಿದರು. ದೀಪಾವಳಿ ಹೊತ್ತಿಗೆ ಧ್ವನಿ ಗೊಗ್ಗರಾಯಿತು.

"ಗಂಟಲಾ ಒಡದ್ರನಾ ಪಳಗತೈತ್ರಿ ಅಕ್ಕೋರ. ಇನ್ನೊಂದಿಷ್ಟು ಒದರ್ರಿ," ಎಂದರು ಹೆಡ್ ಮಾಸ್ತರು.

ಅಕ್ಕೋರು ನಂಬಿದರು. ಶುಂಠಿ ಕಷಾಯ ಕುಡಿದು ಮತ್ತೆರಡು ತಿಂಗಳು ಒದರಿದರು. ಕೊನೆಗೆ ಗಂಟಲಿನ ಡಾಕ್ಟರ್ ತಬಸ್ಸುಮ್ ಗಂಟಲೊಳಗೆ ಸಣ್ಣ ಕ್ಯಾಮೆರಾ ಇಳಿಸಿ ನೋಡಿದರು.

"ಧ್ವನಿತಂತುಗಳ ಮ್ಯಾಲೆ ಎರಡು ಸಣ್ಣ ಗಂಟು ಆಗ್ಯಾವ್ರಿ. ಸಲಿಕಿ ಹಿಡದ್ ಹಿಡದ್ ಅಂಗೈ ಜಡ್ಡಗಟ್ಟತೈತಲ್ಲ, ಹಂಗ. ಕ್ಯಾನ್ಸರ್ ಅಲ್ಲ, ಅಂಜಬ್ಯಾಡ್ರಿ. ಒದರೂದು ಬಿಡ್ರಿ. ಪಿಸುಮಾತೂ ಬ್ಯಾಡ. ನೀರು ಕುಡೀರಿ, ಧ್ವನಿ ತರಬೇತಿಗೆ ಬರ್ರಿ. ಕತ್ತರಿ ಹಚ್ಚದನಾ ಕರಗಬಹುದು."

ಒಂದು ತಿಂಗಳು ಪಾಠದಿಂದ ಬಿಡುವು ಕೊಡಿ ಎಂದು ಚೀಟಿ ಬರೆದುಕೊಟ್ಟರು. ಹೆಡ್ ಮಾಸ್ತರು ಅದನ್ನು ಓದಿ ನಕ್ಕರು.

"ಕಾಲು ಮುರದ್ರ ರಜಾ ಕೇಳತಾರ. ಬಾಯಿಗೂ ರಜಾ ಏನ್ರಿ? ಬರೋ ವಾರ ಸಾಹೇಬ್ರು ತಪಾಸಣಿಗೆ ಬರತಾರ. ಆಮ್ಯಾಲ ಬೇಕಾದ್ರ ಮೂಕರಾಗ್ರಿ!"

ಅಕ್ಕೋರು ಆ ವಾರವೂ ಒದರಿದರು. ತಪಾಸಣೆ ಮುಗಿಯಿತು. ಸಾಹೇಬರು ಹೊಗಳಿದ್ದು ಹೆಡ್ ಮಾಸ್ತರನ್ನು. ಮರುದಿನ ಅಕ್ಕೋರು ಹಾಜರಿ ಕರೆಯಲು ಬಾಯಿ ತೆರೆದರು. ಬರೀ ಗಾಳಿ ಹೊರಬಂತು.

"ಅಕ್ಕೋರ, ಜೋರಾಗಿ ಹೇಳ್ರಿ!" ಮಕ್ಕಳು ಕೂಗಿದರು.

ಅಕ್ಕೋರು ಹಾಜರಿ ಪುಸ್ತಕ ಮುಚ್ಚಿದರು. ವಿಶ್ರಾಂತಿಯಿಂದ ವಾಸಿಯಾಗಬಹುದಿದ್ದ ಗಂಟಲಿಗೆ ಕಡೆಗೆ ಶಸ್ತ್ರಚಿಕಿತ್ಸೆ ಬೇಕಾಯಿತು. ಮಾತು ಮರಳಿತು, ಅರ್ಧ. ಹೊಳೆಬಸಪ್ಪನವರು ಇಂದಿಗೂ ಅದೇ ಕುರ್ಚಿಯಲ್ಲಿದ್ದಾರೆ.

ನೀತಿ: ಒಡೆದ ಗಂಟಲು ಪಳಗುವುದಿಲ್ಲ, ಕೆಡುತ್ತದೆ. ಇನ್ನೊಬ್ಬರ ನೋವಿನಿಂದ ಹೆಸರು ಗಳಿಸುವವನು ಹಿರಿಯನಲ್ಲ. ಇದನ್ನು ಓದಿ, ನಾಲ್ಕು ಜನಕ್ಕೆ ಕಳಿಸಿ ಸುಮ್ಮನಾಗಬೇಡಿ. ನಿಮ್ಮ ಮಕ್ಕಳ ಶಾಲೆಗೆ ಹೋಗಿ. ಮೂರು ವಾರದಿಂದ ಧ್ವನಿ ಬಿದ್ದ ಅಕ್ಕೋರೋ ಮಾಸ್ತರೋ ಅಲ್ಲಿದ್ದರೆ, ಅವರನ್ನು ಗಂಟಲಿನ ಡಾಕ್ಟರ ಬಳಿ ಕಳಿಸಿ, ರಜೆ ಕೊಡಿ ಎಂದು ಹೆಡ್ ಮಾಸ್ತರ ಎದುರು ನಿಂತು ಕೇಳಿ. ಕೊಡುವವರೆಗೆ ಅಲ್ಲಿಂದ ಕದಲಬೇಡಿ.