ರಾಹುಕಾಲಕ್ಕೆ ಮುಂಚೆ ತುಂಬಿದ ಗೋಡೆ

"ಗುರುಗಳೇ, ಮೇಲಿನವರು ಹೇಳಿದಂತೆ ಮಾಡಿದವನಿಗೂ ದೋಷ ತಟ್ಟುವುದೇ?"

ಕೇಳಿದವನು ಮಠದ ಅಡುಗೆಮನೆಯ ಶಿಷ್ಯ. ಪಾರುಪತ್ಯಗಾರನ ಮಾತಿನಂತೆ ಮುಗ್ಗಿದ ಅಕ್ಕಿಯನ್ನು ಬೇಯಿಸಿ ಬಡಿಸಿದ್ದ. ಉಂಡವರು ಹಾಸಿಗೆ ಹಿಡಿದಿದ್ದರು. ಗುರುಗಳು ಅವನನ್ನು ಕುಳ್ಳಿರಿಸಿ ಹೇಳಿದರು:

ಒಬ್ಬ ವರ್ತಕ ಹೆರಿಗೆ ಆಸ್ಪತ್ರೆ ಕಟ್ಟಿಸುತ್ತಿದ್ದ. ಬಿಸಿಲಿನ ಕಾವು ಒಳಗೆ ತಾಗದಿರಲೆಂದು ಹೊಸ ಬಗೆಯ ಗೋಡೆ: ಎರಡು ಬದಿಗೆ ಥರ್ಮಾಕೋಲ್ ಅಚ್ಚು, ನಡುವೆ ಕಬ್ಬಿಣದ ಸರಳು, ಅದರ ಸುತ್ತ ಕಾಂಕ್ರೀಟು. ಹಲಗೆಯ ಅಚ್ಚನ್ನು ಬಿಚ್ಚುತ್ತಾರೆ, ಇದನ್ನು ಬಿಚ್ಚುವುದಿಲ್ಲ. ಒಳಗೇನಾಯಿತೆಂಬುದು ತುಂಬಿದವನಿಗಷ್ಟೇ ಗೊತ್ತು.

ಮೇಸ್ತ್ರಿ ಪಳಗಿದವನು. ಮೊಣಕಾಲೆತ್ತರ ತುಂಬಬೇಕು, ಒಳಗೆ ಟೊಳ್ಳು ಉಳಿಯದಂತೆ ಸರಳಿನಿಂದ ಕುತ್ತಬೇಕು, ತಡೆದು ಮತ್ತೆ ತುಂಬಬೇಕು ಎಂದು ಬಲ್ಲವನು. ಅಂದು ವರ್ತಕ ಅವಸರಪಡಿಸಿದ: "ರಾಹುಕಾಲಕ್ಕೆ ಮುಂಚೆ ಗೋಡೆ ಮುಗಿಯಬೇಕು. ನಿನ್ನ ಕುತ್ತಾಟಕ್ಕೆ ರಾಹು ಕಾಯುತ್ತಾನೇನಯ್ಯ?"

ಮೇಸ್ತ್ರಿ ಕುತ್ತುವ ಸರಳನ್ನು ಬದಿಗಿಟ್ಟ. ಒಂದೇ ಉಸಿರಿಗೆ ನೆತ್ತಿಯವರೆಗೆ ಸುರಿಸಿದ. ಬಾಂಡ್ಲಿ ಹೊರುತ್ತಿದ್ದ ಹೆಂಡತಿ ಕೆಳಗಿನಿಂದ ಕೂಗಿದಳು: "ಇದೇ ಅಳತೆಯ ಆಚೆ ಗೋಡೆ ನೂರು ಬಾಂಡ್ಲಿ ಕುಡಿಯಿತು. ಇದು ಎಪ್ಪತ್ತಕ್ಕೇ ತೇಗುತ್ತಿದೆಯಲ್ಲ!" ಅವನು ಕೇಳದವನಂತೆ ಗೋಡೆಯ ಮೇಲಂಚು ಸವರಿದ.

ಗಾರೆಯಾಯಿತು, ಬಣ್ಣವಾಯಿತು. ಆಸ್ಪತ್ರೆಯ ಪ್ರಾರಂಭೋತ್ಸವದ ದಿನ ಊರ ಹಿರಿಯರು ಗೋಡೆ ತಡವಿ, "ಕನ್ನಡಿಯಂತಿದೆ. ಯಾರ ಕೈಕೆಲಸವಪ್ಪಾ ಇದು?" ಎಂದರು. "ನನ್ನದೇ" ಎಂದು ಮೇಸ್ತ್ರಿ ಎದೆ ಸೆಟೆಸಿದ. ವರ್ತಕ ಅವನಿಗೆ ಶಾಲು ಹೊದಿಸಿದ.

ಅಷ್ಟರಲ್ಲಿ ತುಂಬುಗರ್ಭಿಣಿಯೊಬ್ಬಳನ್ನು ಅದೇ ಗೋಡೆಯ ಕಿಟಕಿಯ ಪಕ್ಕದ ಮಂಚಕ್ಕೆ ಕರೆತಂದರು. ಮೇಸ್ತ್ರಿಯ ಹೆಂಡತಿಗೆ ಇನ್ನು ಸಹಿಸಲಾಗಲಿಲ್ಲ. "ಬೇಡ ತಾಯಿ, ಅಲ್ಲಿ ಮಲಗಬೇಡ" ಎಂದವಳೇ ಹಾರೆ ತಂದು, ಚಾವಣಿಯ ಭಾರ ಇಳಿಯುವ ಜಾಗಕ್ಕೆ ಒಂದೇ ಏಟು ಹಾಕಿದಳು. ಹಾರೆ ಗೇಣುದ್ದ ಒಳಗಿಳಿಯಿತು. ಕಾಂಕ್ರೀಟು ತಗಲಲೇ ಇಲ್ಲ.

"ಹಸುಗೂಸಿನ ನೆತ್ತಿಯ ಮೇಲೆ ಟೊಳ್ಳು ಕಟ್ಟಿದೆಯಲ್ಲ, ನಿನ್ನ ಕೈ ಸೇದಿಹೋಗ!"

ಮೇಸ್ತ್ರಿ ವರ್ತಕನತ್ತ ಬೆರಳು ತೋರಿದ. "ಅವರು ಹೇಳಿದಂತೆ ಮಾಡಿದೆ" ಎಂದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮುಖ ಅರಳಿತು. "ಅವನು ಹೇಳಿದ್ದು ನಿಜವಲ್ಲವೇ ಗುರುಗಳೇ? ಅವಸರಪಡಿಸಿದವನು ವರ್ತಕನೇ ತಾನೇ?"

"ಯಾರ ಕೈಕೆಲಸವೆಂದು ಹಿರಿಯರು ಕೇಳಿದಾಗ ಆ ಬೆರಳು ವರ್ತಕನತ್ತ ಏಳಲಿಲ್ಲ" ಎಂದರು ಗುರುಗಳು.