ಬಾಳ್ಯಾ ಬೇರಿಂಗ್ ಕೂರಿಸಿದ್ದು

ಕುಂಬಾರ ಸಂಕವ್ವನಿಗೆ ಒಬ್ಬನೇ ಮಗ, ಬಾಳ್ಯಾ. ಆಳೆತ್ತರ ಬೆಳೆದಿದ್ದ. ಹೇಳಿದ್ದನ್ನು ಹೇಳಿದಂತೆಯೇ ಮಾಡುತ್ತಿದ್ದ, ತಾಯಿಗೆ ಅದೇ ಗೋಳು. ಸಂತೆಗೆ ಇನ್ನು ಎರಡೇ ದಿನ, ಗಡಿಗೆ ಹೊರುವ ಟೈರುಗಾಡಿಯ ಚಕ್ರ ನೋಡಿದರೆ ಲೊಡಲೊಡ ಅಲ್ಲಾಡುತ್ತಿದೆ. ಸಂತೆ ತಪ್ಪಿದರೆ ಮನೆಯಲ್ಲಿ ಒಲೆ ಹತ್ತುವಂತಿಲ್ಲ.

ಗಾಡಿ ರಿಪೇರಿಯ ಖಾದರಸಾಬ ಪುಣ್ಯಾತ್ಮ. ಹೊಸ ಬೇರಿಂಗ್ ಕೊಟ್ಟು, "ಮೊದಲ ಸೀಮೆಎಣ್ಣ್ಯಾಗ ತೊಳಿ ತಮ್ಮಾ, ಒಂಚೂರೂ ಜಿಡ್ಡು ಇರಬಾರದು" ಅಂದ.

ಬಾಳ್ಯಾ ತೊಳೆದ. ಚಕ್ರದ ನಡುವಿನ ಹಬ್ ತೊಳೆದ, ಅಚ್ಚು ತೊಳೆದ, ಹೊಸ ಬೇರಿಂಗನ್ನೂ ತೊಳೆದ. ಎಲ್ಲವನ್ನೂ ಒಣಒಣವಾಗಿ ಕೂರಿಸಿದ. ಚಕ್ರ ತಿರುಗಿಸಿದರೆ ಕಿರ್ರ್ ಅಂತ ಓಣಿಗೆಲ್ಲ ಕೇಳಿತು.

"ಲೇ ಖೋಡಿ, ಹೊಸಾದಕ್ಕ ಮೊದಲ ಗ್ರೀಸ್ ತುಂಬಬೇಕೋ" ಅಂತ ಬೈದಳು ಸಂಕವ್ವ.

"ಆತವ್ವ, ಇನ್ನ ಹಂಗ ಮಾಡ್ತೀನಿ."

ಬೇರಿಂಗ್ ಬಿಚ್ಚಿ ಗ್ರೀಸ್ ತುಂಬಿದ. ಅಷ್ಟರಲ್ಲಿ ಅವ್ವ, ಆವಿಗೆಯಲ್ಲಿ ಬೆಂದ ಹೊಸ ಗಡಿಗೆ ತೆಗೆದಿಡು ಅಂದಳು. ಹೊಸದಲ್ಲವೇ? ಮೂರು ಗಡಿಗೆಗೆ ಗ್ರೀಸ್ ತುಂಬಿದ.

"ಗಡಿಗ್ಯಾಗ ಗ್ರೀಸ್ ಹಾಕ್ತಾರೇನೋ? ಬಡದು ನೋಡಬೇಕು. ಟಣ್ ಅಂದ್ರ ಛಲೋ ಐತಿ."

"ಆತವ್ವ, ಇನ್ನ ಹಂಗ ಮಾಡ್ತೀನಿ."

ಬಂದು ಬೇರಿಂಗ್ ಕೈಗೆತ್ತಿಕೊಂಡ. ಬೆರಳಿನಿಂದ ಬಡಿದ, ಟಣ್ ಅನ್ನಲಿಲ್ಲ. ಕಲ್ಲಿನಿಂದ ಬಡಿದ, ಅನ್ನಲಿಲ್ಲ. ಹೊಟ್ಟೆ ತುಂಬ ಗ್ರೀಸ್ ಇದ್ದದ್ದು ಹೇಗೆ ಅಂದೀತು? ಸುತ್ತಿಗೆ ಎತ್ತಿದ. ಬೇರಿಂಗ್ ಎರಡು ಹೋಳಾಯಿತು.

ಸಂಕವ್ವ ಅಳುತ್ತ ಕೂತಳು. ಸುದ್ದಿ ಕೇಳಿ ಖಾದರಸಾಬ ತಾನೇ ಇನ್ನೊಂದು ಬೇರಿಂಗಿಗೆ ಗ್ರೀಸ್ ತುಂಬಿ ಹಿಡಿದು ಬಂದ.

"ಇದನ್ನ ಬಡದು ನೋಡಬ್ಯಾಡ ತಮ್ಮಾ. ಮರದ ತುಂಡು ಇಟ್ಟು ಸುತ್ತಲೂ ಮೆಲ್ಲಕ ತಟ್ಟಿ ಕೂಡ್ರಸು. ನಟ್ಟು ಪೂರಾ ಬಿಗಿ ಮಾಡು, ಆಮ್ಯಾಲೆ ಕಾಲು ಸುತ್ತು ಸಡ್ಲ ಬಿಡು. ಇದನ್ನ ಮಾತ್ರ ಮರೀಬ್ಯಾಡ."

ಬಾಳ್ಯಾ ಮರೆಯಲಿಲ್ಲ. ತಟ್ಟಿದ, ಕೂರಿಸಿದ, ನಟ್ಟು ಬಿಗಿದ, ಕಾಲು ಸುತ್ತು ಸಡಿಲಿಸಿದ. ಚಕ್ರ ಅವ್ವ ಗಡಿಗೆ ಮಾಡುವ ತಿಗರಿಯ ಹಾಗೆ ಸದ್ದಿಲ್ಲದೆ ತಿರುಗಿತು. ಗಡಿಗೆಗಳೆಲ್ಲ ಸಂತೆ ಮುಟ್ಟಿದವು, ಒಂದು ಬಿಟ್ಟು ಎಲ್ಲ ಮಾರಾಟವಾದವು. ಸಂಕವ್ವನ ಹೊಟ್ಟೆ ತಣ್ಣಗಾಯಿತು.

ಎಲ್ಲಕ್ಕಿಂತ ದೊಡ್ಡದಾದ ಆ ಗಡಿಗೆಯನ್ನು ಅವಳೇ ಮಾರಿರಲಿಲ್ಲ.

"ಖಾದರಣ್ಣನ ಉಪಕಾರ ಈ ಜನ್ಮದಾಗ ತೀರೂದಿಲ್ಲ. ಇದನ್ನ ಎರಡೂ ಕೈಲೆ ಬಿಗಿಯಾಗಿ ಹಿಡಕೊಂಡು ಹೋಗಿ ಕೊಡೋ" ಅಂದಳು. ತಾನೂ ಹಿಂದೆಯೇ ಹೊರಟಳು.

ಬಾಳ್ಯಾ ಪೂರಾ ಬಿಗಿಯಾಗಿ ಹಿಡಿದುಕೊಂಡು ನಡೆದ. ಖಾದರಸಾಬ ಬಾಗಿಲಿಗೆ ಬಂದು ಕೈ ಚಾಚಿದ. ಅವನ ಮುಖ ನೋಡಿದ್ದೇ ತಡ, ಬಾಳ್ಯಾನಿಗೆ ಉಳಿದ ಕೆಲಸ ನೆನಪಾಯಿತು. ಸಡಿಲ ಬಿಟ್ಟ. ಗಡಿಗೆ ಹೊಸ್ತಿಲ ಮೇಲೆ ಚೂರುಚೂರು.

ಸಂಕವ್ವ ಹಣೆ ಬಡಿದುಕೊಂಡಳು. ಖಾದರಸಾಬ ನಗು ತಡೆದು ನೋಡಿದ, ಆಗಲಿಲ್ಲ.

"ಬೈಬ್ಯಾಡ ತಂಗಿ. ನನ್ನ ಮಾತು ಇಷ್ಟು ನೆನಪಿಟ್ಟವ ಈ ಊರಾಗ ಇವನೊಬ್ಬನ."

ಬಾಳ್ಯಾ ಕೈ ಚಾಚಿಕೊಂಡೇ ನಿಂತಿದ್ದ.

"ಭಾಳ ಬಿಟ್ಟಿಲ್ಲ ಕಾಕಾ," ಅಂದ. "ಕಾಲು ಸುತ್ತು ಅಷ್ಟ."