ಭರಮನ ಖಾಲಿ ಬೋಗುಣಿ

ಹೇಳಿದ್ದನ್ನು ಕೇಳದ ಮಕ್ಕಳು ಮನೆಮನೆಗೂ ಇರುತ್ತಾರೆ. ನೀಲವ್ವನ ಪಾಡು ಬೇರೆ. ಅವಳ ಮಗ ಭರಮ ಹೇಳಿದ್ದನ್ನೆಲ್ಲ ಕೇಳುತ್ತಿದ್ದ, ಒಂದಕ್ಷರ ಬಿಡದೆ ಮಾಡುತ್ತಿದ್ದ. ಅದೇ ತಾಪತ್ರಯ. ‘ನಾ ಸತ್ತ ಮ್ಯಾಲ ಇವಗ ಯಾರು ತುತ್ತು ಹಾಕ್ತಾರ?’ ಎಂದು ಅವಳಿಗೆ ಒಂದೇ ಚಿಂತೆ.

ಆ ಓಣಿಯ ಹೆಣ್ಣುಮಕ್ಕಳು ಕೂಡಿ ಒಂದು ಅಡಿಗೆಮನೆ ನಡೆಸುತ್ತಿದ್ದರು. ಕಲ್ಯಾಣ ಮಂಟಪದಲ್ಲಿ ಮಿಕ್ಕಿದ ಊಟ ಮಣ್ಣುಪಾಲಾಗದಂತೆ ತಂದು ಹಸಿದವರಿಗೆ ಬಡಿಸುವುದು ಅವರ ಕೆಲಸ. ನೀಲವ್ವ ಅವರ ಕೈಕಾಲು ಹಿಡಿದು ಮಗನನ್ನು ಅಲ್ಲಿಗೆ ಸೇರಿಸಿದಳು. ಅವರಲ್ಲಿ ಹಿರಿಯಳಾದ ಗಂಗವ್ವ, “ಮಂಟಪದಾಗ ಉಳಿದದ್ದೆಲ್ಲಾ ತಗೊಂಡು ಬಾ” ಎಂದು ತಳ್ಳುಗಾಡಿ ಕೊಟ್ಟಳು.

ಭರಮ ತಂದ. ಅನ್ನ ತಂದ, ಬಾಡಿದ ಹಾರ ತಂದ, ಯಾರೋ ಬಿಟ್ಟುಹೋದ ಚಪ್ಪಲಿ ತಂದ, ನಿದ್ದೆಹೋಗಿದ್ದ ಮದುಮಗಳ ಸೋದರಮಾವನನ್ನೂ ಕುರ್ಚಿ ಸಮೇತ ತಂದ.

ನೀಲವ್ವ ಹಣೆ ಬಡಿದುಕೊಂಡಳು. “ಖೋಡಿ, ಮಂದಿ ಉಣ್ಣೋದಷ್ಟೇ ತರಬೇಕು. ಅದನ್ನೂ ಮೂಸಿ ನೋಡು. ಹುಳಿ ವಾಸನಿ ಬಂದ್ರ ಎಮ್ಮಿಗೆ ಹಾಕು.”

“ಹೂಂನವ್ವ.”

ಮರುದಿನ ಮಂಟಪದವರು ಬೋಗುಣಿ ತುಂಬ ಪುಳಿಯೋಗರೆ ಕೊಟ್ಟರು. ಭರಮ ಮೂಸಿದ. ಹುಳಿ ವಾಸನೆ. ಗಂಗವ್ವನ ಎಮ್ಮೆ ಹೊಟ್ಟೆ ಬಿರಿಯೆ ತಿಂದಿತು, ಸಾಲಿನಲ್ಲಿ ಕೂತವರು ಅರೆಹೊಟ್ಟೆಯಲ್ಲಿ ಎದ್ದರು.

“ಇನ್ನೊಮ್ಮೆ ಹಿಂಗಾದ್ರ ಅವನ್ನ ಕಳಿಸಬ್ಯಾಡ ನೀಲವ್ವ” ಎಂದಳು ಗಂಗವ್ವ.

ನೀಲವ್ವ ಮಗನ ಕಿವಿ ಹಿಂಡಿದಳು. “ಎಮ್ಮಿ ಸುದ್ದಿಗೆ ಹೋಗಬ್ಯಾಡ. ಹಸಿದವರು ಎಲ್ಲಿ ಕಾಣ್ತಾರೋ ಅಲ್ಲೇ ಕುಂಡ್ರಿಸಿ ನೀಡು. ಖಾಲಿ ಬೋಗುಣಿ ಹಿಡಕೊಂಡು ನನ್ನ ಹೊಸ್ತಿಲಾ ತುಳೀಬ್ಯಾಡ.” ಎರಡು ಮಾತೂ ಒಂದಕ್ಕೊಂದು ಕೂಡುವುದಿಲ್ಲವೆಂದು ಸಿಟ್ಟಿನಲ್ಲಿ ಅವಳಿಗೂ ಹೊಳೆಯಲಿಲ್ಲ.

“ಹೂಂನವ್ವ.”

ಮೂರನೆಯ ದಿನ ಮಂಟಪದಿಂದ ಊಟ ತರುತ್ತಿದ್ದ ಭರಮ ದಾರಿಯಲ್ಲೇ ನಿಂತುಬಿಟ್ಟ. ರಸ್ತೆ ಅಗೆಯುವವರನ್ನು ಕಂಡ, ಕುಂಡ್ರಿಸಿ ನೀಡಿದ. ಕಸ ಗುಡಿಸುವವರನ್ನು ಕಂಡ, ಕುಂಡ್ರಿಸಿ ನೀಡಿದ. ಸುದ್ದಿ ಕೇಳಿ ಗಂಗವ್ವ ಬೈಯಲು ಓಡಿ ಬಂದಳು. ಬಾಯಿ ತೆರೆಯುವುದರೊಳಗೆ ರಸ್ತೆ ಅಗೆಯುವವಳೊಬ್ಬಳು ಅಂದಳು: “ಕೆಲಸ ಬಿಟ್ಟು ನಿಮ್ಮ ಅಡಿಗಿಮನಿತನಕ ಬರಾಕ ಆಗ್ತಿದ್ದಿಲ್ರಿ ಯವ್ವ. ಇವತ್ತ ಊಟಾನೇ ನಮ್ಮ ಕಡೆ ಬಂತು.”

ಗಂಗವ್ವನ ಸಿಟ್ಟು ಇಳಿಯಿತು. “ನಾಳಿಂದ ದಿನಾ ಇದೇ ದಾರೀಲೆ ಬಾರೋ ಭರಮ” ಎಂದಳು.

ಇತ್ತ ನೀಲವ್ವ ಬೆಳಗಿನಿಂದ ತುತ್ತು ಮುಟ್ಟದೆ ಕಾದಿದ್ದಳು. ಮಗ ಬಂದ, ಹೊಸ್ತಿಲ ಹೊರಗೇ ನಿಂತ.

“ಒಳಗ ಬಾರೋ.”

“ಬೋಗುಣಿ ಖಾಲಿ ಐತೆವ್ವ.”

ಅವಳು ತನ್ನ ಪಾಲಿನ ರೊಟ್ಟಿ ಪಲ್ಲೆಯನ್ನೇ ತಂದು ಬೋಗುಣಿಗೆ ಹಾಕಿದಳು. ಭರಮ ಒಳಗೆ ಬಂದು ಅವಳ ಮುಖ ನೋಡಿದ.

“ಉಂಡೀಯೇನವ್ವ?”

“ಎಲ್ಲಿ ಉಣ್ಣಲೋ, ನಿನ್ನ ದಾರಿ ಕಾಯೋದರಾಗ?”

ಅಲ್ಲೇ ಕುಂಡ್ರಿಸಿದ. ಅಲ್ಲೇ ನೀಡಿದ. ಮುಂದೆ ಇವನಿಗೆ ಯಾರು ಹಾಕುತ್ತಾರೆಂದು ಅಳುತ್ತಿದ್ದವಳು ಮಗ ಹಾಕಿದ ರೊಟ್ಟಿ ಮುರಿದು, ಕಣ್ಣೊರೆಸಿಕೊಂಡು ಹೊಟ್ಟೆ ತುಂಬ ಉಂಡಳು.

ಭರಮ ಬೋಗುಣಿಯೊಳಗೆ ಬಗ್ಗಿ ನೋಡಿದ. ಖಾಲಿ. ಅದನ್ನೆತ್ತಿಕೊಂಡು ಮತ್ತೆ ಹೊಸ್ತಿಲ ಹೊರಗೆ ಹೋಗಿ ನಿಂತ.